ಹುಬ್ಬಳ್ಳಿಯಿಂದ ಮಂಗಳೂರಿಗೆ 265 ಕಿಲೋಮೀಟರ್, ಹತ್ತು ಗಂಟೆ: ಒಂದು ಬಹಿರಂಗ ಪತ್ರ

ರಾಜ್ಯದ ವಿಮಾನ ನಿಲ್ದಾಣಗಳ ವಿಚಾರ ನೋಡಿಕೊಳ್ಳುವ ಮೂಲಸೌಕರ್ಯ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳಿಗೆ,

ಬೆಂಗಳೂರಿನ ಕೆಂಗೇರಿ ಉಪನಗರದಿಂದ ಒಬ್ಬ ನಿವೃತ್ತ ಸರ್ವೇಯರ್ ಮಾಡುವ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ನನಗೆ ವಿಮಾನದ ವಿಚಾರ ಜಾಸ್ತಿ ಗೊತ್ತಿಲ್ಲ. ದೂರದ ವಿಚಾರ ಗೊತ್ತು. ಮೂವತ್ತು ವರ್ಷಕ್ಕೂ ಮೇಲೆ ಹೊಲ, ಗದ್ದೆ, ಸೈಟು ಅಳೆದವನು ನಾನು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಬದುವಿನ ಮೇಲೆ ಅರ್ಧ ಅಡಿಗಾಗಿ ಅಣ್ಣ ತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದ್ದೇನೆ. ಹಾಗಾಗಿ ಯಾರಾದರೂ 'ಇಷ್ಟೇ ದೂರ, ಒಂದು ಗಂಟೆ ಅಷ್ಟೇ' ಅಂದರೆ ಸುಮ್ನೆ ತಲೆಯಾಡಿಸುವ ಅಭ್ಯಾಸ ನನಗಿಲ್ಲ. ಎಲ್ಲಿಂದ ಎಲ್ಲಿಗೆ ಅಂತ ಕೇಳುತ್ತೇನೆ.

ನನ್ನ ಊರು ಹುಬ್ಬಳ್ಳಿ. ತಾಯಿ ಅಣ್ಣನ ಜೊತೆ ಅಲ್ಲೇ ಇದ್ದಾರೆ, 81 ವರ್ಷ. ಮಗಳು ಮಂಗಳೂರಿನ ದೇರಳಕಟ್ಟೆಯಲ್ಲಿ ಓದುತ್ತಿದ್ದಾಳೆ. ನಾವಿಬ್ಬರು ಗಂಡ ಹೆಂಡತಿ ಕೆಂಗೇರಿಯಲ್ಲಿ. ಅಜ್ಜಿಗೂ ಮೊಮ್ಮಗಳಿಗೂ ತುಂಬಾ ಹಚ್ಚಿಕೊಂಡ ಸಂಬಂಧ. ಕಳೆದ ಸಲ ಮಗಳಿಗೆ ಪರೀಕ್ಷೆ ಮುಗಿದಾಗ ಅಜ್ಜಿ ಹಟ ಹಿಡಿದರು. 'ನಾ ಒಮ್ಮೆ ಅಕಿ ಇರೂ ಜಾಗಾ ನೋಡಬೇಕು' ಅಂತ. ಬಸ್ಸಲ್ಲಿ ಕಳಿಸೋಣ ಅಂದರೆ ಎರಡೂ ಮೊಣಕಾಲು ನೋವು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗಿನ ತಿರುವುಗಳು ಅವರಿಗೆ ಆಗುವುದಿಲ್ಲ, ಹೊಟ್ಟೆ ತೊಳಸುತ್ತದೆ. ಅಣ್ಣ ಹೇಳಿದ, ಎರಡೂ ಊರಲ್ಲಿ ವಿಮಾನ ನಿಲ್ದಾಣ ಇದೆಯಲ್ಲ, ವಿಮಾನದಲ್ಲಿ ಕಳಿಸೋಣ ಬಿಡು.

ಸರಿ, ನಾನು ನಕ್ಷೆ ತೆಗೆದೆ. ಹಳೇ ಚಟ.

ಹುಬ್ಬಳ್ಳಿ ವಿಮಾನ ನಿಲ್ದಾಣ ಇರುವುದು ಸುಮಾರು 75.08 ಡಿಗ್ರಿ ರೇಖಾಂಶದಲ್ಲಿ. ಮಂಗಳೂರಿನ ಬಜ್ಪೆ 74.89ರಲ್ಲಿ. ಅಂದರೆ ಹುಬ್ಬಳ್ಳಿಯಲ್ಲಿ ನಿಂತು ಹೆಚ್ಚೂಕಡಿಮೆ ನೆಟ್ಟಗೆ ದಕ್ಷಿಣಕ್ಕೆ ಮುಖ ಮಾಡಿದರೆ ಬಜ್ಪೆ. ಲೆಕ್ಕ ಹಾಕಿದರೆ ಸುಮಾರು 265 ಕಿಲೋಮೀಟರ್. ವಿಮಾನದವರ ಭಾಷೆಯಲ್ಲಿ 143 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್ ಅಲ್ವಾ. ಭೂಮಿ ದುಂಡಗಿದೆ, ಗೆರೆ ಬಾಗುತ್ತದೆ ಅನ್ನುವ ಮಾತು ಇಷ್ಟು ಸಣ್ಣ ದೂರಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ದುಬೈಗೋ ಲಂಡನ್ನಿಗೋ ಹೋಗುವಾಗ ಆ ತಲೆಬಿಸಿ.

ಆದರೆ ಟಿಕೆಟ್ ಹುಡುಕಿದಾಗ ನೇರ ವಿಮಾನ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಬೆಂಗಳೂರು ಮೇಲೆ. ದೇವನಹಳ್ಳಿ ಇರುವುದು 77.7 ಡಿಗ್ರಿಯಲ್ಲಿ. ನಮ್ಮ ಕಡೆ ಒಂದು ಡಿಗ್ರಿ ರೇಖಾಂಶ ಅಂದರೆ ಹತ್ತಿರ ಹತ್ತಿರ 108 ಕಿಲೋಮೀಟರ್. ಎರಡೂವರೆ ಡಿಗ್ರಿಗೂ ಜಾಸ್ತಿ ಪೂರ್ವಕ್ಕೆ ಹೋಗಿ, ಮತ್ತೆ ಅಷ್ಟೇ ಪಶ್ಚಿಮಕ್ಕೆ ವಾಪಸ್ ಬರಬೇಕು. ಹುಬ್ಬಳ್ಳಿ–ದೇವನಹಳ್ಳಿ ಸುಮಾರು 370, ದೇವನಹಳ್ಳಿ–ಬಜ್ಪೆ ಸುಮಾರು 305. ಒಟ್ಟು 675 ಕಿಲೋಮೀಟರ್. 265ರ ಕೆಲಸಕ್ಕೆ 675. ಪಕ್ಕದ ಮನೆಗೆ ಮೊಸರು ಕೊಡೋಕೆ ಮೆಜೆಸ್ಟಿಕ್ ಸುತ್ತಿ ಬಂದ ಹಾಗೆ.

ಇರಲಿ, ಸುತ್ತಿದರೂ ಗಾಳಿಯಲ್ಲಿ ತಾನೇ, ಬೇಗ ಮುಗಿಯುತ್ತದೆ ಅಂದುಕೊಂಡೆವು. ಎರಡು ಬೇರೆ ಬೇರೆ ಕಂಪನಿಯ ಟಿಕೆಟ್ ತೆಗೆಸಿದೆವು. ಒಂದರಲ್ಲಿ 1 ಗಂಟೆ 15 ನಿಮಿಷ ಅಂತ ಬರೆದಿತ್ತು, ಇನ್ನೊಂದರಲ್ಲಿ 1 ಗಂಟೆ 5 ನಿಮಿಷ. ಅಣ್ಣ ಕೂಡಿಸಿ ಹೇಳಿದ: 'ಎರಡು ತಾಸು ಇಪ್ಪತ್ತು ನಿಮಿಷ, ಮುಗೀತು.' ಅವನು ಮೇಷ್ಟ್ರು. ಕೂಡಿಸುವುದರಲ್ಲಿ ತಪ್ಪಿಲ್ಲ. ಏನನ್ನು ಕೂಡಿಸಬೇಕು ಅನ್ನುವುದರಲ್ಲಿ ತಪ್ಪಿತ್ತು.

ಆ ದಿನ ನಾನು ಒಂದು ಕೆಲಸ ಮಾಡಿದೆ. ಹಳೇ ಫೀಲ್ಡ್‌ಬುಕ್ ಒಂದರ ಖಾಲಿ ಪುಟದಲ್ಲಿ ಹೊತ್ತು ಬರೆದುಕೊಂಡೆ. ನಾವು ಸರ್ವೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಬರೆದ ಹಾಗೆ, ಬಾಗಿಲಿಂದ ಬಾಗಿಲಿಗೆ.

ಬೆಳಿಗ್ಗೆ 6 ಗಂಟೆಗೆ ಅಮ್ಮ ವಿದ್ಯಾನಗರದ ಮನೆ ಬಿಟ್ಟರು. ಗೋಕುಲ ರಸ್ತೆಯ ನಿಲ್ದಾಣ ಹತ್ತಿರವೇ, ಆದರೆ ಗಾಲಿಕುರ್ಚಿ ಬೇಕು, ಮೊದಲ ಸಲದ ಪ್ರಯಾಣ, ಬೇಗ ಬನ್ನಿ ಅಂದಿದ್ದರು. ವಿಮಾನದ ಹೊತ್ತು 7.50. ಗಾಲಿ ನೆಲ ಬಿಟ್ಟಿದ್ದು 8.02ಕ್ಕೆ. ಅಣ್ಣನ ಮಗ ಫೋನಿನಲ್ಲಿ ವಿಮಾನದ ಗುರುತು ನೋಡಿಕೊಂಡು ನನಗೆ ಹೇಳುತ್ತಿದ್ದ. ದೇವನಹಳ್ಳಿಯಲ್ಲಿ ನೆಲ ಮುಟ್ಟಿದ್ದು 8.54ಕ್ಕೆ. ಗಾಳಿಯಲ್ಲಿ ಇದ್ದದ್ದು 52 ನಿಮಿಷ. ಟಿಕೆಟ್ಟಿನಲ್ಲಿ 75.

ಈ 23 ನಿಮಿಷ ಎಲ್ಲಿ ಹೋಯಿತು ಅಂತ ನಾನು ಆಮೇಲೆ ಓದಿ ತಿಳಿದುಕೊಂಡೆ. ಟಿಕೆಟ್ಟಿನ ಮೇಲಿರುವುದು ಹಾರುವ ಹೊತ್ತಲ್ಲ. ಗಾಲಿಗೆ ಕೊಟ್ಟ ಅಡ್ಡೆ ತೆಗೆದ ಗಳಿಗೆಯಿಂದ ಇನ್ನೊಂದು ಊರಲ್ಲಿ ಅಡ್ಡೆ ಕೊಡುವ ಗಳಿಗೆಯವರೆಗಿನ ಹೊತ್ತು. ಬ್ಲಾಕ್ ಟೈಮ್ ಅನ್ನುತ್ತಾರೆ. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಬರುವುದು ಎಲ್ಲ ಅದರೊಳಗೆ. ಅದರ ಮೇಲೆ ಕಂಪನಿಗಳು ಒಂದಿಷ್ಟು ನಿಮಿಷ ಕೈಗಾವಲಿಗೆ ಇಟ್ಟುಕೊಳ್ಳುತ್ತವೆ. ಹೇಳಿದ ಹೊತ್ತಿಗಿಂತ 15 ನಿಮಿಷದೊಳಗೆ ಇದ್ದರೆ 'ಸಮಯಕ್ಕೆ ಸರಿಯಾಗಿ' ಅಂತಲೇ ಲೆಕ್ಕ. ದೂರ ಕಡಿಮೆ ಆದಷ್ಟೂ ಈ ನೆಲದ ನಿಮಿಷಗಳ ಪಾಲು ಜಾಸ್ತಿ. ದೆಹಲಿಗೆ 1,700 ಕಿಲೋಮೀಟರ್ ಹಾರುವವನಿಗೆ 23 ನಿಮಿಷ ಗೊತ್ತಾಗುವುದಿಲ್ಲ. ಹುಬ್ಬಳ್ಳಿಯವನಿಗೆ ಅದು ಪ್ರಯಾಣದ ಮೂರನೇ ಒಂದು ಪಾಲು. ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ವಿಮಾನ ಮೇಲೆ ಹೋದ ಮೇಲೂ ಗಂಟೆಗೆ 500 ಕಿಲೋಮೀಟರ್ ಆಸುಪಾಸು. ದೊಡ್ಡ ಜೆಟ್ 800 ದಾಟುತ್ತದೆ. ಇಷ್ಟು ಹತ್ತಿರದ ಊರುಗಳಿಗೆ ಅದೂ ದೊಡ್ಡ ವ್ಯತ್ಯಾಸ ಮಾಡುವುದಿಲ್ಲ. ಏರಿದ ಕೂಡಲೇ ಇಳಿಯೋಕೆ ಶುರು.

ಇಲ್ಲಿಯವರೆಗೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಮುಂದಿದೆ.

ಅವತ್ತು ನಾನು ಕೆಂಗೇರಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಕೆಐಎ-9 ಬಸ್ ಹಿಡಿದು, ಅಮ್ಮ ಇಳಿಯುವ ಹೊತ್ತಿಗೆ ದೇವನಹಳ್ಳಿ ಸೇರಿದ್ದೆ. ಮುಂದಿನ ವಿಮಾನ 1.40ಕ್ಕೆ. ಬೇರೆ ಬೇರೆ ಟಿಕೆಟ್ ಆದ್ದರಿಂದ ಚೀಲ ಹೊರಗೆ ತೆಗೆದುಕೊಳ್ಳಬೇಕು, ಮತ್ತೆ ಕೊಡಬೇಕು. ಇಳಿದದ್ದು ಒಂದನೇ ಟರ್ಮಿನಲ್, ಹತ್ತಬೇಕಾದದ್ದು ಎರಡನೇದು. ಅಮ್ಮ 9.30ಕ್ಕೆ ಹೊರಗೆ ಬಂದರು. ಗಾಲಿಕುರ್ಚಿ ತಳ್ಳುತ್ತಿದ್ದ ಹುಡುಗ ಬಾಗಲಕೋಟೆಯವನು. ಆಗಲೇ ಅವನ ಮನೆ ಮಂದಿಯ ವಿಚಾರ ಎಲ್ಲ ಅಮ್ಮನಿಗೆ ಗೊತ್ತಾಗಿತ್ತು.

ಹೊರಗೆ ಒಂದು ಬೆಂಚಿನ ಮೇಲೆ ಕೂತೆವು. ಅಮ್ಮ ಮಡಿಲಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡಿದ್ದರು. ಮೊಮ್ಮಗಳಿಗೆ ಅಂತ ಶೇಂಗಾ ಹೋಳಿಗೆ. ಹುಬ್ಬಳ್ಳಿಯ ಸ್ಕ್ಯಾನರ್ ಹತ್ತಿರ ಒಮ್ಮೆ ತೆರೆಸಿ ನೋಡಿದ್ದರಂತೆ. ಮುಚ್ಚಳ ಸರಿಯಾಗಿ ಕೂತಿಲ್ಲ ಅಂತ ಸೆರಗಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದಿದ್ದರು. ಇನ್ನೊಂದು ಪೊಟ್ಟಣದಿಂದ ರೊಟ್ಟಿ ತೆಗೆದು ನನಗೂ ಅರ್ಧ ಮುರಿದು ಕೊಟ್ಟರು. ಆಮೇಲೆ ಸುತ್ತ ಒಮ್ಮೆ ನೋಡಿದರು. ದೊಡ್ಡ ದೊಡ್ಡ ಪೆಟ್ಟಿಗೆ ಎಳೆದುಕೊಂಡು ಹೋಗುವವರು, ಫೋನಿನಲ್ಲಿ ಹಿಂದಿ, ಇಂಗ್ಲಿಷ್, ತೆಲುಗು.

'ಏನಪಾ, ನಾ ಮಂಗಳೂರಿಗೆ ಹೊಂಟೀನೋ, ಬೆಂಗಳೂರಿಗೆ ಬಂದೀನೋ?'

ನಾನು ನಕ್ಕೆ. ಉತ್ತರ ಹೊಳೆಯಲಿಲ್ಲ. ನಾಲ್ಕು ಗಂಟೆ ಆ ಬೆಂಚು, ಶಟಲ್ ಬಸ್ಸು, ಎರಡನೇ ಟರ್ಮಿನಲ್ಲಿನ ಬಾಗಿಲು. ಅಲ್ಲಿಂದ ಒಳಗೆ ನನಗೆ ಪ್ರವೇಶ ಇಲ್ಲ. ಡಬ್ಬಿಯನ್ನು ಅಲ್ಲಿ ಇನ್ನೊಮ್ಮೆ ತೆರೆಸಿದರಂತೆ.

ಬಜ್ಪೆಗೆ ಗಾಳಿಯಲ್ಲಿ 43 ನಿಮಿಷ. ಟಿಕೆಟ್ಟಿನಲ್ಲಿ ಹೇಳಿದ ಹಾಗೆ 2.45ಕ್ಕೆ ಸರಿಯಾಗಿ ನಿಂತಿತು. ಚೀಲ ಬಂದು ಹೊರಗೆ ಬರುವಾಗ 3.05. ಮಗಳು ಟ್ಯಾಕ್ಸಿ ತಂದಿದ್ದಳು. ನಂತೂರು, ಪಂಪ್‌ವೆಲ್, ತೊಕ್ಕೊಟ್ಟು ದಾಟಿ ದೇರಳಕಟ್ಟೆಯ ಅವಳ ಕೋಣೆ ಮುಟ್ಟುವಾಗ 4.10.

ಬೆಳಿಗ್ಗೆ 6ರಿಂದ ಸಂಜೆ 4.10. ಹತ್ತು ಗಂಟೆ ಹತ್ತು ನಿಮಿಷ. ಅದರಲ್ಲಿ ಗಾಳಿಯಲ್ಲಿ ಇದ್ದದ್ದು 95 ನಿಮಿಷ. ನೇರ ದೂರ 265 ಕಿಲೋಮೀಟರ್ ಅಂದರೆ, ಗಂಟೆಗೆ 26 ಕಿಲೋಮೀಟರ್ ವೇಗ. ಚೆನ್ನಾಗಿ ಸೈಕಲ್ ತುಳಿಯುವ ಹುಡುಗ ಸಪಾಟು ರಸ್ತೆಯಲ್ಲಿ ಇದರ ಹತ್ತಿರ ಬರುತ್ತಾನೆ. ರಾತ್ರಿ ಊಟ ಮಾಡಿ ಬಸ್ ಹತ್ತಿದವರು ಬೆಳಗಾದ ಮೇಲೆ ಮಂಗಳೂರಲ್ಲಿ ಹಲ್ಲುಜ್ಜುತ್ತಾರೆ. ಅಮ್ಮ ಫೋನಿನಲ್ಲಿ ಹೇಳಿದ್ದನ್ನೂ ಫೀಲ್ಡ್‌ಬುಕ್‌ನ ಅಂಚಿನಲ್ಲಿ ಬರೆದುಕೊಂಡಿದ್ದೇನೆ: 'ಮ್ಯಾಲ ಹಾರಿದ್ದು ಒಂದ್ ಕಪ್ ಚಾ ಕುಡಿಯೂವಷ್ಟು, ತೆಳಗ ಕುಂತದ್ದು ಇಡೀ ದಿನ.'

ವಾಪಸ್ ಬರುವ ಕತೆ ಇನ್ನೂ ಚೆಂದ. ಮಂಗಳೂರಿನ ವಿಮಾನ 4.25ಕ್ಕೆ ಬೆಂಗಳೂರಿಗೆ ಬರಬೇಕಿತ್ತು, ಹುಬ್ಬಳ್ಳಿಯದು 6.10ಕ್ಕೆ ಹೊರಡಬೇಕಿತ್ತು. ಮೊದಲನೆಯದು ಒಂದು ಗಂಟೆ 50 ನಿಮಿಷ ತಡ. ಎರಡು ಗಂಟೆ ತಡವಾದರೆ ತಿಂಡಿ ಕೊಡಬೇಕು ಅಂತ ನಿಯಮ ಇದೆ. ಹತ್ತು ನಿಮಿಷದಲ್ಲಿ ಅದೂ ತಪ್ಪಿತು. ಎರಡನೇ ಕಂಪನಿಯವರ ಲೆಕ್ಕದಲ್ಲಿ ಅಮ್ಮ 'ಬಾರದೇ ಹೋದ ಪ್ರಯಾಣಿಕರು'. ಮೊದಲನೇ ಕಂಪನಿಯವರ ಲೆಕ್ಕದಲ್ಲಿ ಅಮ್ಮ 'ಬೆಂಗಳೂರಿಗೆ ತಲುಪಿದ ಪ್ರಯಾಣಿಕರು'. ಇಬ್ಬರದೂ ಸರಿ. ಬೇರೆ ಬೇರೆ ಟಿಕೆಟ್ ತೆಗೆದುಕೊಂಡ ನಾವೇ ದಡ್ಡರು. ಟಿಕೆಟ್ ದುಡ್ಡು ಹೋಯಿತು. ದೇವನಹಳ್ಳಿಯಿಂದ ಕೆಂಗೇರಿಗೆ ಐವತ್ತು ಕಿಲೋಮೀಟರ್ ಮೇಲೆ. 6.50ಕ್ಕೆ ಟ್ಯಾಕ್ಸಿ ಹತ್ತಿದೆವು, ಹೆಬ್ಬಾಳದಲ್ಲಿ ಒಂದಷ್ಟು ಹೊತ್ತು ಕೆಂಪು ದೀಪಗಳನ್ನು ನೋಡುತ್ತಾ ಕೂತೆವು, ಮನೆಗೆ ಬಂದಾಗ 9.15. ಮಂಗಳೂರಿನಿಂದ ಬೆಂಗಳೂರಿಗೆ ಹಾರಿದ್ದಕ್ಕಿಂತ ಮೂರು ಪಟ್ಟು ಹೊತ್ತು. ಮಾರನೇ ದಿನ ನಸುಕಿನಲ್ಲಿ ಆಟೊ ಮಾಡಿ ಕೆಎಸ್‌ಆರ್ ನಿಲ್ದಾಣಕ್ಕೆ ಹೋಗಿ ಧಾರವಾಡದ ವಂದೇ ಭಾರತ್ ಹತ್ತಿಸಿದೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಹುಬ್ಬಳ್ಳಿಯಲ್ಲಿದ್ದರು.

ಇದನ್ನೆಲ್ಲ ನಮ್ಮ ಮನೆಯ ಗೋಳು ಅಂತ ಬರೆಯುತ್ತಿಲ್ಲ. ಅಮ್ಮನದು ಮೊಮ್ಮಗಳನ್ನು ನೋಡುವ ಆಸೆ. ಆದರೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಹೋಗುವವರನ್ನು ನೀವು ಒಮ್ಮೆ ನೋಡಬೇಕು. ಮಡಿಲಲ್ಲಿ ಎಕ್ಸ್‌ರೇ ಕವರ್, ಪಕ್ಕದಲ್ಲಿ ನೀರಿನ ಬಾಟ್ಲಿ, ಸ್ಲೀಪರ್ ಬಸ್ಸಿನ ಕೆಳಗಿನ ಬರ್ತ್. ಮಕ್ಕಳನ್ನು ಕಾಲೇಜಿಗೆ ಬಿಡಲು ಹೋಗುವವರು, ಧರ್ಮಸ್ಥಳಕ್ಕೆ ಹೋಗುವವರು ಬೇರೆ. ಘಟ್ಟದ ಮೇಲಿನವರಿಗೂ ಕರಾವಳಿಗೂ ಇರುವ ಈ ಓಡಾಟ ಇವತ್ತಿನದಲ್ಲ. ವಿಮಾನದ ನಕ್ಷೆಯಲ್ಲಿ ಮಾತ್ರ ಅದು ಕಾಣುವುದಿಲ್ಲ. ಆ ನಕ್ಷೆಯಲ್ಲಿ ಎಲ್ಲ ಗೆರೆಯೂ ದೇವನಹಳ್ಳಿಗೆ ಬಂದು ಸೇರುತ್ತವೆ, ಛತ್ರಿಯ ಕಡ್ಡಿಗಳ ಹಾಗೆ.

ನನ್ನ ವೃತ್ತಿಯ ಒಬ್ಬ ಹಿರಿಯನ ಮಾತು ಇಲ್ಲಿ ಬರಲೇಬೇಕು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಇದೇ ಬೆಂಗಳೂರಿನಲ್ಲಿ ಸರಪಳಿ ಹಾಸಿ ಬೇಸ್‌ಲೈನ್, ಅಂದರೆ ಮುಂದಿನ ಅಳತೆಗೆಲ್ಲ ಆಧಾರವಾಗುವ ಮೂಲ ಗೆರೆ, ಅಳೆದ. ಮುಂದೆ ಮದ್ರಾಸಿನ ಕಡಲಿನಿಂದ ಮಂಗಳೂರಿನ ಕಡಲಿನವರೆಗೆ ತ್ರಿಕೋನಗಳನ್ನು ಕಟ್ಟುತ್ತಾ ಹೋದ. ಅಲ್ಲಿಯವರೆಗಿನ ನಕ್ಷೆಗಳಲ್ಲಿ ಆ ದೂರ 400 ಮೈಲಿ ಇತ್ತು. ಅವನು ಅಳೆದಾಗ ಬಂದದ್ದು 360. ನಲವತ್ತು ಮೈಲಿ ಇಲ್ಲದ ನೆಲ ನಕ್ಷೆಯಲ್ಲಿತ್ತು! ಕಂಪನಿ ಸರ್ಕಾರಕ್ಕೆ ಇದೇನು ಖುಷಿಯ ಸುದ್ದಿಯಲ್ಲ. ಆದರೆ ಅಳತೆ ಅಳತೆಯೇ. ನಮ್ಮಲ್ಲಿ ಈಗ ಉಲ್ಟಾ ಆಗಿದೆ. ನೆಲ ಇದ್ದಷ್ಟೇ ಇದೆ, ಹುಬ್ಬಳ್ಳಿಯಿಂದ ಮಂಗಳೂರಿಗೆ ಹೋಗುವವನ ಪಾಲಿಗೆ ಮಾತ್ರ ನಾವು 400 ಕಿಲೋಮೀಟರ್ ಸೇರಿಸಿದ್ದೇವೆ.

ವಿಮಾನ ಕಂಪನಿಗಳು ಯಾಕೆ ಹೀಗೆ ಮಾಡುತ್ತವೆ ಅನ್ನುವುದು ನನಗೆ ಅರ್ಥವಾಗದ್ದೇನಲ್ಲ. ಬೆಂಗಳೂರಿಗೆ ಬರುವ ವಿಮಾನದಲ್ಲಿ ಬೆಂಗಳೂರಿಗೇ ಬರುವವರಿದ್ದಾರೆ, ದೆಹಲಿಗೆ, ಕೋಲ್ಕತ್ತಕ್ಕೆ, ಸಿಂಗಪುರಕ್ಕೆ ಹೋಗುವವರಿದ್ದಾರೆ. ಒಂದೇ ವಿಮಾನಕ್ಕೆ ಹತ್ತು ಊರಿನ ಗಿರಾಕಿ. ಹುಬ್ಬಳ್ಳಿ–ಮಂಗಳೂರು ನೇರ ಹಾರಿಸಿದರೆ ಆ ಎರಡು ಊರಿನ ಗಿರಾಕಿ ಮಾತ್ರ. ಎಟಿಆರ್‌ನ 78 ಸೀಟು ದಿನಾ ತುಂಬಬೇಕು. ಜೊತೆಗೆ ಸಣ್ಣ ಹಾರಾಟಕ್ಕೆ ಇಂಧನ ಹೆಚ್ಚು ಸುಡುವುದು ಮೇಲೆ ಏರುವಾಗಲೇ. ನಷ್ಟಕ್ಕೆ ಯಾರೂ ವಿಮಾನ ಹಾರಿಸುವುದಿಲ್ಲ, ಹಾರಿಸಿ ಅಂತ ನಾನು ಹೇಳುವುದೂ ಇಲ್ಲ.

ಅದಕ್ಕೇ ಅಲ್ವಾ ಉಡಾನ್ ಯೋಜನೆ ಬಂದದ್ದು. 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ವಿಮಾನದಿಂದ ಶುರುವಾಯಿತು. ಒಂದು ಗಂಟೆಯ ಹಾರಾಟಕ್ಕೆ ಒಂದಿಷ್ಟು ಸೀಟುಗಳನ್ನು ಆಗ 2,500 ರೂಪಾಯಿಗೆ ಕೊಡಬೇಕಿತ್ತು, ಕೊರತೆ ಬಿದ್ದದ್ದನ್ನು ಸರ್ಕಾರ ತುಂಬಿಕೊಡುತ್ತದೆ. ಅದರಲ್ಲಿ ರಾಜ್ಯದ ಪಾಲೂ ಇದೆ. ಮೂರು ವರ್ಷ ಆ ಮಾರ್ಗ ಆ ಕಂಪನಿಗೇ. 80ಕ್ಕಿಂತ ಕಡಿಮೆ ಸೀಟಿನ ವಿಮಾನಗಳಿಗೆ ದೇಶದೊಳಗೆ ಲ್ಯಾಂಡಿಂಗ್ ಶುಲ್ಕದ ವಿನಾಯಿತಿಯೂ ಇದೆ. ಯೋಜನೆ ಒಳ್ಳೆಯದೇ. ಆದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ಏನು ಹೇಳಿತು ನಿಮಗೆ ಗೊತ್ತೇ ಇದೆ. ಮೂರನೇ ಹಂತದವರೆಗೆ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಅದಾದ ಮೇಲೂ ಉಳಿದದ್ದು 54.

ಈ ಅಂಕಿ ನೋಡಿ 'ನೋಡಿದಿರಾ, ಸಣ್ಣ ಊರುಗಳಿಗೆ ವಿಮಾನ ನಡೆಯುವುದಿಲ್ಲ' ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಯಾವ ಎರಡು ಊರಿನ ನಡುವೆ ಅನ್ನುವುದನ್ನು ಅಳೆಯದೆ ಗೆರೆ ಎಳೆದರೆ ಹೀಗೇ ಆಗುತ್ತದೆ ಅಂತ ಕಾಣುತ್ತದೆ. ಉದಾಹರಣೆಗೆ ಬೆಳಗಾವಿಯ ಸಾಂಬ್ರಾ ಮತ್ತು ಹುಬ್ಬಳ್ಳಿ ನಿಲ್ದಾಣಗಳ ನಡುವೆ ನೇರ ದೂರ 75 ಕಿಲೋಮೀಟರ್ ಆಸುಪಾಸು. ಅಲ್ಲಿ ವಿಮಾನ ಕೇಳುವವನಿಗೆ ತಲೆ ಕೆಟ್ಟಿರಬೇಕು. ಮೈಸೂರಿನ ಮಂಡಕಳ್ಳಿಯಿಂದ ದೇವನಹಳ್ಳಿಗೆ ಸುಮಾರು 155. ನಾನು ಕೆಂಗೇರಿಯಿಂದ ದೇವನಹಳ್ಳಿ ಮುಟ್ಟುವ ಹೊತ್ತಿಗೆ ರೈಲಿನಲ್ಲಿ ಮೈಸೂರೇ ಬಂದಿರುತ್ತದೆ. ಅಂಥ ಕಡೆ ದುಡ್ಡು ಸುರಿಯಬೇಡಿ. ಆದರೆ ಹುಬ್ಬಳ್ಳಿ–ಮಂಗಳೂರಿನ ನಡುವೆ ಪಶ್ಚಿಮ ಘಟ್ಟ ಇದೆ. ಕಲಬುರಗಿ–ಮಂಗಳೂರು ನೇರ ದೂರ ಸುಮಾರು 530, ಕಲಬುರಗಿ–ಶಿವಮೊಗ್ಗ ಸುಮಾರು 410. ಇವು ನೆಲದ ಮೇಲೆ ಒಂದು ಇಡೀ ರಾತ್ರಿ, ಗಾಳಿಯಲ್ಲಿ ಒಂದು ಗಂಟೆ. ಶಿವಮೊಗ್ಗದಲ್ಲಿ 2023ರಲ್ಲಿ ತೆರೆದ ನಿಲ್ದಾಣಕ್ಕೆ 3,200 ಮೀಟರ್ ರನ್‌ವೇ ಕಟ್ಟಿದ್ದೀರಿ. ಕಲಬುರಗಿಯದೂ 3,000 ಮೀಟರ್ ಮೀರಿದ್ದು. ರಸ್ತೆ ಅಗಲ ಮಾಡಿ ಬಸ್ಸು ಬಿಡದ ಹಾಗೆ ಆಗಬಾರದು.

ಹುಬ್ಬಳ್ಳಿ–ಮಂಗಳೂರಿನ ನೇರ ಹಾರಾಟದ ಲೆಕ್ಕ ನಾನೇ ಹಾಕಿದ್ದೇನೆ. 265 ಕಿಲೋಮೀಟರ್, ಎಟಿಆರ್‌ನಲ್ಲಿ ಏರುವುದು ಇಳಿಯುವುದು ಸೇರಿ 40–45 ನಿಮಿಷ ಗಾಳಿಯಲ್ಲಿ, ಟಿಕೆಟ್ಟಿನ ಮೇಲೆ ಒಂದು ಗಂಟೆ. ಅಮ್ಮ ಅದೇ 6ಕ್ಕೆ ಮನೆ ಬಿಟ್ಟು ಅದೇ 7.50ರ ವಿಮಾನ ಹತ್ತಿದ್ದರೆ 8.50ಕ್ಕೆ ಬಜ್ಪೆ, 10.15ರ ಒಳಗೆ ದೇರಳಕಟ್ಟೆ. ನಾಲ್ಕೂಕಾಲು ಗಂಟೆ. ಆಸ್ಪತ್ರೆಗೆ ಹೋಗುವವರಾದರೆ ಅದೇ ದಿನ ಡಾಕ್ಟರ್ ಸಿಗುತ್ತಾರೆ, ರಾತ್ರಿ ಲಾಡ್ಜ್ ಖರ್ಚು ಉಳಿಯುತ್ತದೆ. ಮಳೆಗಾಲದಲ್ಲಿ ಬಜ್ಪೆಯಲ್ಲಿ ಇಳಿಯುವುದು ಕಷ್ಟ, ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ, ಮೋಡ ಕವಿದರೆ ವಿಮಾನ ಬೇರೆ ಕಡೆ ತಿರುಗುತ್ತದೆ. 2010ರ ಮೇ ತಿಂಗಳಲ್ಲಿ ಅಲ್ಲಿ ವಿಮಾನ ಅಪಘಾತವಾದ ದಿನವನ್ನು ಯಾರೂ ಮರೆತಿಲ್ಲ. ಅದಕ್ಕೆ ದಿನಾ ಬೇಡ. ಜೂನ್, ಜುಲೈ ಬಿಟ್ಟು ಉಳಿದ ತಿಂಗಳಲ್ಲಿ ವಾರಕ್ಕೆ ಮೂರು ದಿನ ಸಾಕು. ಬೆಳಿಗ್ಗೆ ಹೋಗಿ, ಬೆಳಿಗ್ಗೆಯೇ ವಾಪಸ್. ಅದೇ ವಿಮಾನ ಆಮೇಲೆ ಬೆಂಗಳೂರಿಗೋ ಹೈದರಾಬಾದಿಗೋ ತನ್ನ ಕೆಲಸಕ್ಕೆ ಹೋಗಲಿ. ಆರು ತಿಂಗಳು ನೋಡಿ. ಸೀಟು ತುಂಬದಿದ್ದರೆ ನಿಲ್ಲಿಸಿ, ನಾನು ಇನ್ನೊಂದು ಪತ್ರ ಬರೆಯುವುದಿಲ್ಲ.

ಅದೂ ಆಗದಿದ್ದರೆ ಖರ್ಚಿಲ್ಲದ ಒಂದು ಕೆಲಸವಾದರೂ ಮಾಡಬಹುದು. ಕಂಪನಿಗಳನ್ನು ಒಂದು ಮೇಜಿನ ಸುತ್ತ ಕೂರಿಸಿ. ರಾಜ್ಯದ ಒಂದು ಊರಿನಿಂದ ಇನ್ನೊಂದು ಊರಿಗೆ ಬೆಂಗಳೂರು ಮೇಲೆ ಹೋಗುವವರಿಗೆ ನಡುವೆ ಒಂದೂವರೆ ಎರಡು ಗಂಟೆಗಿಂತ ಜಾಸ್ತಿ ಕಾಯದ ಹಾಗೆ ಬೆಳಗಿನ ಒಂದು ಜೋಡಿ, ಸಂಜೆಯ ಒಂದು ಜೋಡಿ ಹೊತ್ತು ಹೊಂದಿಸಲಿ. ಕಂಪನಿ ಎರಡಾದರೂ ಟಿಕೆಟ್ ಒಂದೇ ಇರಲಿ, ಚೀಲ ಹುಬ್ಬಳ್ಳಿಯಲ್ಲಿ ಕೊಟ್ಟರೆ ಬಜ್ಪೆಯಲ್ಲೇ ಸಿಗಲಿ. ಆಗ ಮೊದಲನೇ ವಿಮಾನ ತಡವಾದರೆ 'ಬಾರದೇ ಹೋದ ಪ್ರಯಾಣಿಕ' ಅನ್ನುವ ಮಾತೇ ಬರುವುದಿಲ್ಲ.

ಈಗ ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಬೇಕು ಅಂತ ಓಡಾಟ ನಡೆದಿದೆ. ಕನಕಪುರ ರಸ್ತೆ ಕಡೆಯೋ, ನೆಲಮಂಗಲ–ಕುಣಿಗಲ್ ಕಡೆಯೋ ಅಂತ ಚರ್ಚೆ. 150 ಕಿಲೋಮೀಟರ್ ಒಳಗೆ ಹೊಸ ನಿಲ್ದಾಣ ಬೇಡ ಅಂತ ದೇವನಹಳ್ಳಿಯ ಜೊತೆಗಿನ ಒಪ್ಪಂದದಲ್ಲಿರುವ ಷರತ್ತು 2033ರವರೆಗೆ ಇದೆ, ಆಮೇಲಿನ ಮಾತು ಅದು. ಕೆಂಗೇರಿಯವನಾಗಿ ನನಗೆ ಎರಡರಲ್ಲಿ ಯಾವುದಾದರೂ ಖುಷಿಯೇ. ಬಾಗಿಲಿಗೆ ಬಂದ ಹಾಗೆ. ಆದರೆ ಹುಬ್ಬಳ್ಳಿಯವನಾಗಿ ಒಂದು ಭಯ ಇದೆ. ಸಣ್ಣ ವಿಮಾನಗಳನ್ನೆಲ್ಲ ಒಂದು ನಿಲ್ದಾಣಕ್ಕೆ, ದೊಡ್ಡವನ್ನು ಇನ್ನೊಂದಕ್ಕೆ ಹಂಚಿದರೆ, ಅಥವಾ ಒಂದು ಕಂಪನಿ ಇಲ್ಲಿ, ಇನ್ನೊಂದು ಅಲ್ಲಿ ಅಂತಾದರೆ, ಅಮ್ಮನಂಥವರು ನಡುವೆ ಇಡೀ ಬೆಂಗಳೂರು ದಾಟಬೇಕಾಗುತ್ತದೆ. ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಶಟಲ್ ಬಸ್ ಇದೆ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಬ್ಬಾಳ ಇದೆ. ಜಾಗ ಗೊತ್ತು ಮಾಡುವವರು ಬೆಂಗಳೂರಿಗೆ ಬರುವವರ ಲೆಕ್ಕ ಹಾಕುವಾಗ, ಬೆಂಗಳೂರಿನ ಮೇಲೆ ಹಾದುಹೋಗುವ ಕನ್ನಡಿಗರ ಲೆಕ್ಕವನ್ನೂ ಹಾಕಿ.

ಇನ್ನೊಂದು ಸಣ್ಣ ಕೋರಿಕೆ. ಹೊಸ ಮಾರ್ಗ ಶುರುವಾದಾಗ 'ಇನ್ನು ಮುಂದೆ ಕೇವಲ ಒಂದು ಗಂಟೆ' ಅಂತ ಪೇಪರಿನಲ್ಲಿ ಜಾಹೀರಾತು ಕೊಡುತ್ತೀರಲ್ಲ, ಅದರ ಪಕ್ಕದಲ್ಲಿ ಬಾಗಿಲಿಂದ ಬಾಗಿಲಿಗೆ ಎಷ್ಟು ಅಂತಲೂ ಹಾಕಿ. ಒಬ್ಬ ಕೆಳಗಿನ ನೌಕರನ ಕೈಗೆ ಗಡಿಯಾರ, ಪುಸ್ತಕ ಕೊಟ್ಟು ಆ ಊರಿಂದ ಈ ಊರಿಗೆ ಒಮ್ಮೆ ಕಳಿಸಿದರೆ ಸಾಕು. ಬೇಕಿದ್ದರೆ ನಾನೇ ಹೋಗುತ್ತೇನೆ, ಭತ್ಯೆ ಬೇಡ, ಟಿಕೆಟ್ ಕೊಡಿಸಿ. ನನ್ನ ಫೀಲ್ಡ್‌ಬುಕ್ಕಿನ ಆ ಪುಟದ ಜೆರಾಕ್ಸನ್ನು ಇಲಾಖೆಗೆ ಕಳಿಸುವ ಪ್ರತಿಯ ಜೊತೆ ಲಗತ್ತಿಸಿದ್ದೇನೆ. ಅಂಚಿನಲ್ಲಿ ಎಣ್ಣೆಯ ಕಲೆ ಇದೆ, ಕ್ಷಮಿಸಿ. ಅದು ಹೋಳಿಗೆಯದು.

ಡಿಸೆಂಬರಿನಲ್ಲಿ ಮಗಳ ಕಾಲೇಜಿನ ಪದವಿ ಸಮಾರಂಭ. ಅಮ್ಮ ಬರುತ್ತೇನೆ ಅಂದಿದ್ದಾರೆ. ಈ ಸಲ ವಿಮಾನದ ಮಾತು ಎತ್ತಲಿಲ್ಲ. ಅಣ್ಣ ಹುಬ್ಬಳ್ಳಿ–ಮಂಗಳೂರು ರಾತ್ರಿ ಬಸ್ಸಿನಲ್ಲಿ ಮುಂದಿನ ಸಾಲಿನ ಕೆಳಗಿನ ಎರಡು ಬರ್ತ್ ನೋಡಿಟ್ಟಿದ್ದಾನೆ, ಘಟ್ಟಕ್ಕೆ ಅಂತ ನಿಂಬೆಹಣ್ಣು, ಶುಂಠಿ. ಟಿಕೆಟ್ ಇನ್ನೂ ಮಾಡಿಸಿಲ್ಲ. ನವೆಂಬರ್ ಕೊನೆಯವರೆಗೆ ಕಾಯಲು ಹೇಳಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸರ್ವೇಯರ್
ಕೆಂಗೇರಿ ಉಪನಗರ, ಬೆಂಗಳೂರು